ಇಡದೆ ಹೋದ ಎಡೆ

ಇವತ್ತು ಬೆಳಗ್ಗೆ ಕಡಿಮೆಯೆಂದರೂ ಆರು ಸಲ ಬಾಗಿಲಿಗೆ ಹೋಗಿ ಬಂದೆ. ಪಕ್ಕದ ಮನೆಯಲ್ಲಿ ಒಲೆ ಹತ್ತಿತ್ತು. ಮೊಳಕೆ ಬರಿಸಿದ ಹುರುಳಿಕಾಳಿನ ಸಾರಿನ ವಾಸನೆ ನಮ್ಮ ಪಡಸಾಲೆಯವರೆಗೂ ಬರುತ್ತಿತ್ತು. ಪಕ್ಕದ ಮನೆಯವಳ ಗಂಡ ತೀರಿಕೊಂಡ ದಿನ ಇವತ್ತು. ಅವನಿಗೆ ಇಷ್ಟವಾದುದನ್ನೆಲ್ಲ ಮಾಡಿ, ಹೊಲದಲ್ಲಿರುವ ಸಮಾಧಿಯ ಮುಂದೆ ಎಡೆ ಇಟ್ಟು ಬರುವ ದಿನ. ಪ್ರತಿ ವರ್ಷ ಈ ಹೊತ್ತಿಗೆ ಅವಳು ಗೋಡೆಯ ಆಚೆಯಿಂದಲೇ, "ಅಕ್ಕಾ, ಬುಟ್ಟಿ ಹಿಡಿಯಾಕೆ ಬಾ" ಎಂದು ಕೂಗುತ್ತಾಳೆ. ಇವತ್ತು ಕೂಗಿರಲಿಲ್ಲ.

"ಲೇ, ಒಂದ್ಕಡೆ ಕೂತ್ಕಳೇ. ನಿನ್ನ ನೋಡಿ ನಂಗೇ ತಲೆ ತಿರುಗ್ತೈತೆ" ಎಂದ ನನ್ನ ಗಂಡ, ಟ್ರ್ಯಾಕ್ಟರಿಗೆ ಡೀಸೆಲ್ ಹಾಕುತ್ತಾ.

ಕೂರುವುದು ಹೇಗೆ? ಹೋದ ತಿಂಗಳು ನಾನು ಅವಳಿಗೆ ಒಂದು ಮಾತು ಹೇಳಿದ್ದೆ. ಅವತ್ತಿನಿಂದ ಅವಳು ನಮ್ಮ ಹೊಸ್ತಿಲು ತುಳಿದಿಲ್ಲ. ಇವತ್ತು ಕರೆದರೆ ನಮ್ಮಿಬ್ಬರ ನಡುವೆ ಏನೋ ಉಳಿದಿದೆ ಎಂದರ್ಥ, ಕರೆಯದಿದ್ದರೆ ಮುಗಿಯಿತು ಎಂದರ್ಥ. ಹೀಗೆ ನನಗೆ ನಾನೇ ಲೆಕ್ಕ ಹಾಕಿಕೊಂಡು ಒಳಗೂ ಹೊರಗೂ ಓಡಾಡುತ್ತಿದ್ದೆ.

ಕೂತಲ್ಲಿ ಕೂರುವ ಜಾಯಮಾನ ನನ್ನದು ಮೊದಲಿನಿಂದಲೂ ಅಲ್ಲ. ನನ್ನ ತವರು ಮೊಳಕಾಲ್ಮುರು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಒಡಲಿಗೊಂದು ಬಣ್ಣ, ಎರಡೂ ಅಂಚಿಗೆ ಇನ್ನೊಂದು ಬಣ್ಣ ಬರುವ ಸೀರೆಗೆ ಮೂರು ಲಾಳಿ ಬೇಕು. ಅದನ್ನು ಒಬ್ಬರೇ ನೇಯಲಾಗುವುದಿಲ್ಲ. ಅಪ್ಪನ ಎಡಗಡೆ ಕೂತು ಆ ಬದಿಯ ಲಾಳಿ ಎಸೆಯುವ ಕೆಲಸ ನನ್ನದಾಗಿತ್ತು. ಸೀರೆ ಮುಗಿದ ದಿನ ಅಪ್ಪ ಅದನ್ನು ಉದ್ದಕ್ಕೆ ಬಿಚ್ಚಿ ಹಾಸಿ, ಅಂಚಿನ ಒಂದು ಜಾಗದಲ್ಲಿ ಬೆರಳಿಟ್ಟು, "ಇಲ್ಲಿ ಎಲ್ಲಿಗೆ ಹೋಗಿದ್ಯವ್ವಾ ನೀನು?" ಎಂದು ಕೇಳುತ್ತಿದ್ದರು. ನಾನು ಕೂತಲ್ಲೇ ಇದ್ದೆ, ಮನಸ್ಸು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿತ್ತು. ಅದು ಅವರಿಗೆ ನೂಲಿನಲ್ಲಿ ಕಾಣುತ್ತಿತ್ತು.

ಮದುವೆಯಾಗಿ ಪರಶುರಾಂಪುರದ ಹತ್ತಿರದ ಈ ಹಳ್ಳಿಗೆ ಬಂದೆ. ಪಿಯುಸಿ ಪಾಸಾಗಿದ್ದೆ. ಶೇಂಗಾ ಬಿಡಿಸುವುದು, ಈರುಳ್ಳಿ ಕೊಯ್ಯುವುದು ಎಲ್ಲ ಕಲಿತೆ, ಆದರೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ನನ್ನದೇ ಆದ ಒಂದು ಕೆಲಸ ಬೇಕು, ಬೆಳಗ್ಗೆ ಎದ್ದರೆ ಸೀರೆ ಉಟ್ಟು ಹೋಗಲು ಒಂದು ಜಾಗ ಬೇಕು ಎಂಬ ಹಂಬಲ ಒಳಗೇ ಕುದಿಯುತ್ತಿತ್ತು. ಕೆಲವು ವರ್ಷದ ಹಿಂದೆ ಊರಿನ ಅಂಗನವಾಡಿಯ ಹಳೆಯ ಟೀಚರ್ ನಿವೃತ್ತರಾದರು. ಆ ಜಾಗಕ್ಕೆ ಇದೇ ಊರಿನವರಾಗಿರಬೇಕು, ಪಿಯುಸಿ ಆಗಿರಬೇಕು. ನಮ್ಮೂರಿನಲ್ಲಿ ಅಂಥ ಹೆಂಗಸರು ಇಬ್ಬರೇ. ನಾನು ಮತ್ತು ಪಕ್ಕದ ಮನೆಯವಳು.

ಆಗ ಅವಳ ಗಂಡ ಹೋಗಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು, ಜ್ವರವೆಂದು ಆಸ್ಪತ್ರೆಗೆ ಸೇರಿ ನಾಲ್ಕನೆಯ ದಿನಕ್ಕೆ ಹೆಣವಾಗಿ ಬಂದ. ಮೂರು ವರ್ಷದ ಮಗಳು, ಆಂಧ್ರದ ಕಡೆಯಿಂದ ಈ ಊರಿಗೆ ಮದುವೆಯಾಗಿ ಬಂದ, ಇವತ್ತಿಗೂ ತೆಲುಗಿನಲ್ಲೇ ಮಾತಾಡುವ ಅತ್ತೆ, ಇಷ್ಟೇ ಆ ಮನೆಯಲ್ಲಿ ಉಳಿದವರು. ಅವಳು ದಿನವೂ ಕೂಲಿಗೆ ಹೋಗುತ್ತಿದ್ದಳು.

ನಾನು ಅರ್ಜಿ ಹಾಕಲು ಪರಶುರಾಂಪುರಕ್ಕೆ ಹೊರಟ ಸೋಮವಾರ ಅವಳು ಒಂದು ಪ್ಲಾಸ್ಟಿಕ್ ಕವರು ತಂದು ನನ್ನ ಕೈಗೆ ಕೊಟ್ಟಳು. ಒಳಗೆ ಅವಳ ಅಂಕಪಟ್ಟಿ, ಆಧಾರ್, ರೇಷನ್ ಕಾರ್ಡು, ಫೋಟೋ.

"ನಿಂದು ಹಾಕ್ಸುವಾಗ ನಂದೂ ಹಾಕ್ಸಿಬಿಡಕ್ಕಾ. ನಾನು ಬಂದ್ರೆ ಇವತ್ತಿನ ಕೂಲಿ ಹೋಗ್ತೈತೆ. ಇಬ್ರಾಗೆ ಯಾರಿಗೆ ಬಂದ್ರೂ ಒಂದೇ ಅಲ್ವಾ?"

"ಹೂಂ, ಒಂದೇ" ಎಂದೆ. ಒಂದೇ ಆಗಿರಲಿಲ್ಲ. ನನ್ನ ಮಾರ್ಕ್ಸು ಅವಳಿಗಿಂತ ಹೆಚ್ಚು ಎಂದು ನನಗೆ ಗೊತ್ತಿತ್ತು. ಅದಕ್ಕೇ ಅಷ್ಟು ಧಾರಾಳವಾಗಿ ಅವಳ ಕವರು ತೆಗೆದುಕೊಂಡಿದ್ದೆ.

ನಾಡಕಚೇರಿಯ ಎದುರಿನ ಕಂಪ್ಯೂಟರ್ ಅಂಗಡಿಯವನು ನನ್ನ ಅರ್ಜಿ ಹಾಕಿ ಮುಗಿಸಿ, ಅವಳದ್ದನ್ನು ತುಂಬುತ್ತಾ ತಲೆಯೆತ್ತಿದ. "ಇವ್ರ ಯಜಮಾನ್ರು ಇದಾರಾ?"

"ಇಲ್ಲ, ತೀರ್ಕಂಡ್ರು."

"ಹಂಗಾದ್ರೆ ವಿಧವೆ ಅಂತ ಸರ್ಟಿಫಿಕೇಟ್ ಬೇಕಲ್ರಿ. ಅದಿದ್ರೆ ಹೆಚ್ಚಿಗೆ ಅಂಕ ಕೊಡ್ತಾರೆ, ಕೆಲ್ಸ ಇವ್ರಿಗೇ ಆದಂಗೆ. ಇಲ್ದೆ ಹಾಕಿದ್ರೆ ವೇಸ್ಟು. ಎದುರಿಗೇ ನಾಡಕಚೇರಿ ಐತೆ, ಮಾಡಿಸ್ಕಂಡು ಬರಾಕೆ ಹೇಳ್ರಿ. ಶುಕ್ರವಾರ ಸಾಯಂಕಾಲ ಕೊನೆ. ನಾನು ಅರ್ಧ ತುಂಬಿ ಇಟ್ಟಿರ್ತೀನಿ."

ಅವನು ಹೇಳಿದ್ದು ಇಷ್ಟೇ. ನಾನು ಊರಿಗೆ ಹೋಗಿ ಅದನ್ನು ಹಾಗೆಯೇ ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಬಸ್ಸಿನಲ್ಲಿ ಕೂತಾಗ ಹೇಳಬೇಕೆಂದೇ ಇದ್ದೆ. ಊರು ಬಂತು. ಅವಳು ಕೂಲಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. "ಆಯ್ತಾ ಅಕ್ಕಾ?" ಎಂದಳು. ನನ್ನ ಬಾಯಿಂದ ಬಂದ ಮಾತು, "ನಿಂದು ಹಾಕುವಾಗ ಸರ್ವರ್ ಹೋಯ್ತು ಕಣೇ. ಇನ್ನೊಂದು ದಿನ ಹೋಗಿ ಹಾಕ್ಸಿದ್ರಾಯ್ತು, ಟೈಮ್ ಐತೆ."

ಈ ಸುಳ್ಳನ್ನು ನಾನು ಮೊದಲೇ ಯೋಚಿಸಿಟ್ಟಿರಲಿಲ್ಲ. ಬಂದುಬಿಟ್ಟಿತು. ಬಂದ ಮೇಲೆ ನಾನೇ ಅದನ್ನು ಸಾಕಿದೆ.

ಮಂಗಳವಾರ ಮನೆಯಲ್ಲಿ ನಿಲ್ಲಲಾಗದೆ ಬಟ್ಟೆಗಳನ್ನೆಲ್ಲ ಎರಡೆರಡು ಸಲ ಒಗೆದೆ. ಬುಧವಾರ ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿ ಬೆಳಗಿದೆ. ಅವಳ ಕವರು ನನ್ನ ಟ್ರಂಕಿನಲ್ಲಿ, ನನ್ನ ಸೀರೆಗಳ ಕೆಳಗಿತ್ತು. ಅದನ್ನು ನೋಡದಿದ್ದರೂ ಅದು ಅಲ್ಲಿರುವುದು ಮೈಗೆ ಗೊತ್ತಾಗುತ್ತಿತ್ತು. ನಾನೇನು ಅವಳದ್ದನ್ನು ಕಿತ್ತುಕೊಳ್ಳುತ್ತಿಲ್ಲವಲ್ಲ, ನನ್ನ ಮಾರ್ಕ್ಸಿಗೆ ಬರುವುದು ನನಗೆ ಬರಲಿ, ಅದರಲ್ಲೇನು ತಪ್ಪು ಎಂದು ವಾದಿಸಿಕೊಂಡೆ. ವಾದದಲ್ಲಿ ನಾನೇ ಗೆದ್ದೆ, ಆದರೂ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದೆ.

ಗುರುವಾರ ಬೆಳಗ್ಗೆ ನೀರಿಗೆ ಬಂದಾಗ ಅವಳು, "ನಾಳೆ ಅವ್ರ ವರ್ಷದ ಎಡೆ ಅಕ್ಕಾ. ಮಸಾಲೆ ರುಬ್ಬಾಕೆ ಬರ್ತೀಯಾ?" ಎಂದಳು.

ನಮ್ಮ ಕಡೆ ಮೊದಲ ವರ್ಷದ ಎಡೆಯೆಂದರೆ ಸಣ್ಣ ಮಾತಲ್ಲ. ಅದು ಆಗುವವರೆಗೆ ಹೋದವರು ಹೊಸ್ತಿಲಿನ ಹೊರಗೇ ನಿಂತಿರುತ್ತಾರೆ, ಎಡೆ ಉಂಡ ಮೇಲೆಯೇ ಹಿರಿಯರ ಸಾಲಿಗೆ ಸೇರುವುದು ಎಂದು ಆ ಮನೆಯವರು ನಂಬುತ್ತಾರೆ. ಹೆಂಡತಿ ತನ್ನ ಕೈಯಾರೆ ಅಡುಗೆ ಮಾಡಬೇಕು. ಹೆತ್ತವರು ಮಕ್ಕಳಿಗೆ ಎಡೆ ಇಡುವಂತಿಲ್ಲ, ಹಾಗಾಗಿ ಅತ್ತೆಯ ಕೈಯಲ್ಲಿ ಆಗುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಇಡುವಂತಿಲ್ಲ. ಆ ದಿನ ತಪ್ಪಿದರೆ ಮಹಾಲಯ ಅಮಾವಾಸ್ಯೆಯವರೆಗೆ ಕಾಯಬೇಕು, ಅಂದರೆ ಆರು ತಿಂಗಳು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಅವಳ ಮಾತು ಕೇಳಿದ ಕೂಡಲೇ ನನ್ನ ಎದೆ ಹಗುರಾಯಿತು. ಶುಕ್ರವಾರವೇ ಕೊನೆ ದಿನ, ಶುಕ್ರವಾರವೇ ಎಡೆ. ಈಗ ಹೇಳಿದರೂ ಅವಳು ಬರಲಾರಳು. ಹೇಳಿದ ಹಾಗೂ ಆಗುತ್ತದೆ, ಕೆಲಸ ನನಗೇ ಉಳಿಯುತ್ತದೆ. ನಾಳೆ ಯಾರಾದರೂ ಕೇಳಿದರೆ, ನಾನು ಹೇಳಿದ್ದೆ, ಅವಳಿಗೇ ಆಗಲಿಲ್ಲ ಎನ್ನಬಹುದು. ಇಷ್ಟು ಅಚ್ಚುಕಟ್ಟಾಗಿ ಯೋಚಿಸಿ, ಅವತ್ತು ಸಂಜೆ ಕವರು ಹಿಡಿದು ಅವಳ ಮನೆಗೆ ಹೋದೆ. ಮುಖದಲ್ಲಿ ಗಾಬರಿ ತಂದುಕೊಂಡು, "ಈಗ ಫೋನ್ ಬಂತು ಕಣೇ, ನಿಂಗೆ ಒಂದು ಸರ್ಟಿಫಿಕೇಟ್ ಬೇಕಂತೆ" ಎಂದೆ.

ಅವಳು ಹುರುಳಿಕಾಳು ತೊಳೆದು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. ಮಗಳನ್ನು ನೋಡಿದಳು. ಗೋಡೆಯ ಮೇಲಿನ ಗಂಡನ ಫೋಟೋ ನೋಡಿದಳು. ತುಂಬ ಹೊತ್ತೇನೂ ಯೋಚಿಸಲಿಲ್ಲ.

"ಮೊದಲ್ನೇ ಬಸ್ಸಿಗೆ ಹೋಗಾಣ ಅಕ್ಕಾ. ಅವ್ರು ಕಾಯ್ತಾರೆ. ಅರ್ಜಿ ಕಾಯಲ್ಲ."

ನನ್ನ ಲೆಕ್ಕದಲ್ಲಿ ಎಲ್ಲ ಇತ್ತು, ಅವಳು ಹೀಗೆ ಹೇಳಬಹುದೆಂಬುದು ಇರಲಿಲ್ಲ. ಆ ಗಳಿಗೆಯಲ್ಲಿ ನನ್ನ ಮೇಲೆ ನನಗೇ ಹುಟ್ಟಿದ ಅಸಹ್ಯ ಎಷ್ಟಿತ್ತೆಂದರೆ, ಇವಳಿಗೆ ಈ ಕೆಲಸ ಕೊಡಿಸದೆ ಬಿಡುವುದಿಲ್ಲ ಎಂದು ಹಟ ಬಂದಿತು. ಅದನ್ನು ಒಳ್ಳೆಯತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಶುಕ್ರವಾರ ನಾಡಕಚೇರಿ ತೆಗೆಯುವ ಮೊದಲೇ ಗ್ರಾಮ ಲೆಕ್ಕಿಗರನ್ನು ಹಿಡಿದೆವು. ಅವರು ಕಾಗದ ನೋಡಿ, "ರೇಷನ್ ಕಾರ್ಡಿನಾಗೆ ನಿಮ್ಮ ಯಜಮಾನ್ರ ಹೆಸರು ಇನ್ನೂ ಐತಲ್ಲಮ್ಮ. ಅಲ್ಲಿ ಬದುಕಿದ್ದು ಇಲ್ಲಿ ಸತ್ರೆ ನಾನು ಹೆಂಗೆ ಬರೆಯಾದು? ಚಳ್ಳಕೆರೆಗೆ ಹೋಗಿ ಹೆಸರು ತೆಗೆಸ್ಕಂಡು ಬರ್ರಿ, ಆಮೇಲೆ ತಡ ಮಾಡಲ್ಲ" ಎಂದರು.

ಚಳ್ಳಕೆರೆಯ ಬಸ್ಸಿನಲ್ಲಿ ನಾನು ರೇಗಿದೆ. "ವರ್ಷಾತು, ಹೆಸರು ತೆಗೆಸಾಕೆ ಏನಾಗಿತ್ತು ನಿಂಗೆ? ಅಕ್ಕಿ ಆಸೆನಾ?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. "ಅಕ್ಕಿಗಲ್ಲಕ್ಕಾ. ಕಾರ್ಡಿನಾಗಾದ್ರೂ ನಾವು ನಾಲ್ಕು ಜನ ಇರಾಣ ಅಂತ."

ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಬರೆಯಲು ಅವಳು ಪೆನ್ನನ್ನು ನನ್ನ ಕಡೆ ಸರಿಸಿದಳು. ನಾನೇ ಬರೆದೆ. ನನ್ನ ಗಂಡ ಮೃತಪಟ್ಟಿರುವುದರಿಂದ ಅವರ ಹೆಸರನ್ನು ತೆಗೆದುಹಾಕಬೇಕೆಂದು ಕೋರಿಕೆ. ಅವಳು ಅದನ್ನು ಓದಿ, ಎರಡು ಸಲ ಓದಿ, ಸಹಿ ಹಾಕಿದಳು. ಅವನಿಗೆ ಎಡೆ ಇಟ್ಟು ಕೈ ಮುಗಿಯಬೇಕಾದ ಹೊತ್ತಿನಲ್ಲಿ ಅವನು ಇಲ್ಲವೆಂದು ಬರೆದುಕೊಡುತ್ತಿದ್ದಳು. ಇದು ಮಂಗಳವಾರವೋ ಬುಧವಾರವೋ ಆಗಬಹುದಾಗಿದ್ದ ಕೆಲಸ. ಅವತ್ತೇ ಆಗಬೇಕಿರಲಿಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ, ಪೆನ್ನಿನ ಮುಚ್ಚಳ ಹಾಕುತ್ತಾ ಪಕ್ಕದಲ್ಲಿ ನಿಂತಿದ್ದೆ.

ಬಸ್‌ಸ್ಟ್ಯಾಂಡಿಗೆ ಬಂದಾಗ ಅವಳು ಒಂದು ಗಾಡಿಯ ಮುಂದೆ ನಿಂತು ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡಳು. "ಅವ್ರಿಗೆ ಇಲ್ಲಿ ಮಿರ್ಚಿ ಅಂದ್ರೆ ಪ್ರಾಣ. ಹೊತ್ತು ಮುಳುಗೋದ್ರೊಳಗೆ ಊರು ಸೇರಿದ್ರೆ, ಅನ್ನ ಸಾರು ಇಲ್ದಿದ್ರೂ ಇದನ್ನಾದ್ರೂ ಇಡ್ತೀನಿ" ಎಂದಳು. ಆ ಪೊಟ್ಟಣವನ್ನು ಮಗು ಎತ್ತಿಕೊಂಡಂತೆ ಎದೆಗೆ ಒತ್ತಿಕೊಂಡೇ ಇದ್ದಳು.

ಪರಶುರಾಂಪುರದಲ್ಲಿ ಸರ್ಟಿಫಿಕೇಟ್ ಕೈಗೆ ಬಂದಾಗ ಕಚೇರಿ ಮುಚ್ಚುವ ಹೊತ್ತು. ಕಂಪ್ಯೂಟರ್ ಅಂಗಡಿಯಲ್ಲಿ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ನಾನು ಅಂಗಡಿಯ ಒಳಗೆ ಹೊರಗೆ ಓಡಾಡಿದೆ. ಅವಳು ರಸ್ತೆಗೆ ಬಂದು ಹೊತ್ತು ನೋಡುವಳು, ಒಳಗೆ ಬಂದು ಚಕ್ರ ನೋಡುವಳು. ಕೊನೆಗೂ ಅರ್ಜಿ ಹೋಯಿತು. ಅಂಗಡಿಯವನು ಪ್ರಿಂಟ್ ಕೊಡುತ್ತಾ ನನ್ನ ಕಡೆ ನೋಡಿ, "ಸೋಮವಾರನೇ ಹೇಳಿದ್ದೆ, ಇಷ್ಟು ತಡ ಮಾಡಾದಾ?" ಎಂದ. ನಾನು ತಟ್ಟನೆ ಅವಳ ಕಡೆ ತಿರುಗಿದೆ. ಆದರೆ ಅವಳು ಆಗಲೇ ಚಪ್ಪಲಿ ಮೆಟ್ಟಿ ಆಟೋ ಕೂಗಲು ರಸ್ತೆಗೆ ಓಡಿದ್ದಳು.

ಆಟೋ ಊರಿನ ತಿರುವಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು, ಮೊಮ್ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು. "ಎಪ್ಪುಡು ಪೆಡ್ತಾವಮ್ಮಾ ವಾಡಿಕಿ?" ಎಂದು ಕೇಳಿದರು. ಅವನಿಗೆ ಯಾವಾಗ ಇಡುತ್ತೀಯಮ್ಮಾ ಎಂದು. "ಅಮಾಸೆಗೆ ಇಡ್ತೀನಿ ಅತ್ತೆ" ಎಂದು ಅವಳು ಒಳಗೆ ಹೋದಳು. ಮುದುಕಿ ಹೊಸ್ತಿಲ ಹೊರಗಿನ ಕತ್ತಲಿನ ಕಡೆ ತಿರುಗಿ, ಮಗ ಅಲ್ಲೇ ನಿಂತಿದ್ದಾನೆಂಬಂತೆ, ತೆಲುಗಿನಲ್ಲಿ ಸಮಾಧಾನ ಹೇಳಿದರು. ತಣ್ಣಗಾದ ಮಿರ್ಚಿ ಪೊಟ್ಟಣ ಕಟ್ಟೆಯ ಮೇಲೆ ಉಳಿದಿತ್ತು. ಮರುದಿನ ನೋಡಿದರೆ ಬಟ್ಟೆಯೊಳಗಿನ ಹುರುಳಿಕಾಳು ಉದ್ದುದ್ದ ಮೊಳಕೆ ಬಂದು ಹಳಸಿತ್ತು.

ಕೆಲಸ ಅವಳಿಗೇ ಆಯಿತು. "ಕೈಯಾರೆ ಕೊಟ್ಟು ಬಂದ್ಯಲ್ಲೇ" ಎಂದು ನನ್ನ ಗಂಡ ಒಂದು ವಾರ ಗೊಣಗಿದ. ಊರಿನವರು ಮಾತ್ರ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ತನಗೆ ಬರುವುದನ್ನು ಬಿಟ್ಟುಕೊಟ್ಟಳು, ಇಡೀ ದಿನ ಊಟವಿಲ್ಲದೆ ಓಡಾಡಿದಳು ಎಂದರು. ಎಲ್ಲರಿಗಿಂತ ಹೆಚ್ಚು ಹೇಳಿದವಳು ಅವಳೇ. ಅಂಗನವಾಡಿಗೆ ಹೊಸ ತಾಯಂದಿರು ಬಂದರೆ ಸಾಕು, ನನ್ನ ಕೈ ಹಿಡಿದು ನಿಲ್ಲಿಸಿ ಆ ಶುಕ್ರವಾರದ ಕಥೆ ಶುರು ಮಾಡುತ್ತಿದ್ದಳು. ಅಮಾವಾಸ್ಯೆಗೆ ಎಡೆ ಇಟ್ಟಾಗ ಮೊದಲ ಪಾಲು ನನಗೆ ಕೊಟ್ಟಳು. ಆಮೇಲೆ ಪ್ರತಿ ವರ್ಷವೂ ಬುಟ್ಟಿ ಹಿಡಿಯುವವಳು ನಾನು, ಮೊದಲ ಪಾಲು ನನ್ನದು.

ಒಳ್ಳೆಯ ಕೆಲಸ ಮಾಡಿದವರಿಗೆ ನೆಮ್ಮದಿ ಸಿಗುತ್ತದೆ ಎನ್ನುತ್ತಾರೆ. ನನಗೆ ಕೆಲಸವೂ ಹೋಯಿತು, ನೆಮ್ಮದಿಯೂ ಹೋಯಿತು. ಪೂರ್ತಿ ಕೆಟ್ಟವಳಾಗಿದ್ದರೆ ಈಗ ಟೀಚರ್ ಆಗಿ ಆರಾಮವಾಗಿ ಇರುತ್ತಿದ್ದೆನೇನೋ ಎಂದು ಒಮ್ಮೊಮ್ಮೆ ನನ್ನನ್ನು ನಾನೇ ಗೇಲಿ ಮಾಡಿಕೊಂಡದ್ದೂ ಉಂಟು. ಅವಳ ಹೊಗಳಿಕೆ ಕೇಳಿಸಿದಾಗಲೆಲ್ಲ ಅಪ್ಪನ ಬೆರಳು ಆ ನಾಲ್ಕು ದಿನಗಳ ಮೇಲೆ ಬಂದು ನಿಲ್ಲುತ್ತಿತ್ತು. ಇಲ್ಲಿ ಎಲ್ಲಿಗೆ ಹೋಗಿದ್ಯವ್ವಾ ನೀನು?

ಹೋದ ತಿಂಗಳು ಒಬ್ಬ ಹೊಸ ಸೊಸೆಯ ಮುಂದೆ ಅವಳು ಮತ್ತೆ ಅದೇ ಕಥೆ ಹೇಳಿದಳು. "ಈ ಅಕ್ಕ ಇಲ್ದಿದ್ರೆ ನಾನೂ ನನ್ನ ಮಗಳೂ ಎಲ್ಲಿರ್ತಿದ್ವೋ" ಎಂದಳು. ಆ ಹುಡುಗಿ ಹೋದ ಮೇಲೆ ನಾನು ಹೇಳಿಬಿಟ್ಟೆ. ಸೋಮವಾರವೇ ಗೊತ್ತಿದ್ದದ್ದು, ಸರ್ವರ್ ಎಂದದ್ದು, ಎಡೆಯ ದಿನ ನೋಡಿಕೊಂಡೇ ಗುರುವಾರ ಸಂಜೆ ಬಂದದ್ದು, ಒಂದನ್ನೂ ಬಿಡಲಿಲ್ಲ. ಅವಳು ಮಕ್ಕಳ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, "ಮಕ್ಳು ಎದ್ದಂಗೈತೆ" ಎಂದು ಒಳಗೆ ಹೋದಳು. ಮಕ್ಕಳು ಎದ್ದಿರಲಿಲ್ಲ.

ಅಲ್ಲಿಂದ ಇವತ್ತಿನವರೆಗೆ ಒಂದು ಮಾತಿಲ್ಲ.

ಹತ್ತು ಗಂಟೆಯ ಸುಮಾರಿಗೆ ಏಳನೆಯ ಸಲ ಬಾಗಿಲಿಗೆ ಹೋದಾಗ ಅವಳೇ ಅಂಗಳದಲ್ಲಿ ನಿಂತಿದ್ದಳು. ಕೂಗಿರಲಿಲ್ಲ, ನಡೆದು ಬಂದಿದ್ದಳು. ಕೈಯಲ್ಲಿ ಬುಟ್ಟಿ. ಹಿಂದೆ ಅತ್ತೆ, ಮಗಳು.

"ಹಿಡ್ಕ" ಎಂದಳು. ಹಿಡಿದುಕೊಂಡೆ.

ಅವಳ ಹಿಂದೆ ಹೊಲದವರೆಗೆ ನಡೆದೆ. ಬೇವಿನ ಮರದ ಕೆಳಗೆ ಅವನ ಸಮಾಧಿ, ಒಂದು ಚಪ್ಪಡಿ ಕಲ್ಲು. ಅವಳು ಕಲ್ಲು ತೊಳೆದು, ಎಲೆ ಹಾಸಿ, ಮುದ್ದೆ, ಹುರುಳಿಕಾಳು ಸಾರು, ಅನ್ನ, ಚಳ್ಳಕೆರೆಯಿಂದ ನಿನ್ನೆಯೇ ತರಿಸಿದ್ದ ಮಿರ್ಚಿ, ಮಂಡಕ್ಕಿ ಎಲ್ಲ ಬಡಿಸಿದಳು. ಊದುಬತ್ತಿ ಹಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಂಗೆ ಹೇಳಿದ್ದಾತು. ಈಗ ಅವ್ರಿಗೆ ಹೇಳು. ಆವತ್ತು ಹಸ್ಕಂಡು ಹೊರಗೆ ನಿಂತಿದ್ದೋರು ಅವ್ರು, ನಾನಲ್ಲ."

ಸತ್ತವರು ಬಂದು ಉಣ್ಣುತ್ತಾರೆ ಎಂದು ನಾನು ನಂಬುವವಳಲ್ಲ. ಕಲ್ಲಿನ ಮುಂದೆ ಮಾತಾಡಿ ಗೊತ್ತಿಲ್ಲ. ಓಡಿಹೋಗಬೇಕು ಎನ್ನಿಸಿತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕಲ್ಲಿನ ಕಡೆ ತಿರುಗಿ ಶುರು ಮಾಡಿದೆ.

"ಸೋಮವಾರನೇ ನಂಗೆ ಗೊತ್ತಿತ್ತಪ್ಪಾ. ಗುರುವಾರದ ತಂಕ ಬಾಯಿ ಬಿಡ್ಲಿಲ್ಲ. ನಿನ್ನ ಎಡೆ ಬಿಟ್ಟು ಇವ್ಳು ಬರಲ್ಲ, ಕೆಲ್ಸ ನಂಗೇ ಉಳೀತೈತೆ ಅನ್ಕಂಡೆ. ಆ ವರ್ಷ ನಿನ್ನ ಎಡೆ ತಪ್ಸಿದ್ದು ನಾನು."

ಅತ್ತೆಗೆ ಕಿವಿ ಮಂದ. "ಏಮಂಟೋಂದಿ?" ಎಂದು ಸೊಸೆಯನ್ನು ಕೇಳಿದರು, ಏನು ಹೇಳುತ್ತಿದ್ದಾಳೆ ಎಂದು. ಅವಳು ಅವರ ಕಿವಿಯ ಹತ್ತಿರ ಬಾಗಿ ತೆಲುಗಿನಲ್ಲಿ ಒಂದೊಂದಾಗಿ ಹೇಳಿದಳು. ಮುದುಕಿ ನನ್ನನ್ನೇ ನೋಡಿದರು. ಆ ಸಂಜೆ ಹೊಸ್ತಿಲಲ್ಲಿ ಕೂತು ಕತ್ತಲಿಗೆ ಸಮಾಧಾನ ಹೇಳಿದ್ದ ಅದೇ ಮುಖ. ಬೈಯಲಿಲ್ಲ. ಕಲ್ಲಿನ ಕಡೆ ತಿರುಗಿ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಇವರಿಗೆ ಏನು ಮಾಡಿದ್ದೆ ಎಂಬುದು ಇಷ್ಟು ವರ್ಷದ ಮೇಲೆ ನನಗೆ ಪೂರ್ತಿ ತಿಳಿದದ್ದು ಆಗ.

ಊದುಬತ್ತಿ ಮುಗಿಯಿತು. ಅವಳು ಎಡೆ ತೆಗೆದು ಹಂಚಿದಳು. ಮೊದಲ ಪಾಲು ಅತ್ತೆಗೆ. ಆಮೇಲೆ ಮಗಳಿಗೆ. ಆಮೇಲೆ ತಾನು ತೆಗೆದುಕೊಂಡಳು. ನನ್ನದು ಮುಗಿಯಿತೆಂದುಕೊಂಡು ನಾನು ಖಾಲಿ ಬುಟ್ಟಿ ಎತ್ತಿಕೊಂಡು ನಿಂತೆ. ಆಗ ಎಲೆಯ ಮೇಲೆ ಉಳಿದಿದ್ದ ತುತ್ತು ಮುದ್ದೆ, ಒಂದು ಮಿರ್ಚಿ ತಂದು ನನ್ನ ಕೈಗೆ ಹಾಕಿದಳು. ನಾನು ನಿಂತಲ್ಲೇ, ಆ ಕಾಲ ಮೇಲೊಮ್ಮೆ ಈ ಕಾಲ ಮೇಲೊಮ್ಮೆ ಭಾರ ಬಿಡುತ್ತಾ, ಬಾಯಿಗೆ ಹಾಕಿಕೊಳ್ಳಲು ಹೋದೆ.

"ಕೂತ್ಕಂಡು ತಿನ್ನಕ್ಕಾ" ಎಂದಳು.

ಅವರ ಪಕ್ಕದಲ್ಲಲ್ಲ, ಅವನ ಕಲ್ಲಿನ ಪಕ್ಕದಲ್ಲಿ, ಮಣ್ಣಿನ ಮೇಲೆ ಕೂತೆ.